ಹಳದಿ ಮಣ್ಣು

ಟಯರಿನ ಹಲ್ಲುಗಳ ನಡುವೆ ಹೆಬ್ಬೆರಳಿನ ಉಗುರು ಹಾಕಿ ಕೆರೆದಾಗ ಉದುರಿದ್ದು ಹಳದಿ ಮಣ್ಣು. ಸೈಕಲ್ ಅಕ್ಕ ಅದನ್ನು ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಆಮೇಲೆ ಗೋಡೆಗೆ ಒರಗಿಸಿದ್ದ ಇನ್ನೊಂದು ಸೈಕಲ್ಲಿನ ಟಯರನ್ನೂ ಕೆರೆದು ನೋಡಿದಳು. ಅಲ್ಲೂ ಅದೇ ಹಳದಿ. ಮೊದಲನೆಯದು ತಂಗಿ ಗುಬ್ಬಿಯದು, ಎರಡನೆಯದು ಗುಬ್ಬಿಯ ನಾದಿನಿಯದು. ಎರಡೂ ಒಂದೇ ಎಲೆಯಲ್ಲಿ ಉಂಡು ಬಂದವರ ಹಾಗೆ ಒಂದೇ ಮಣ್ಣು ಮೆತ್ತಿಕೊಂಡು ನಿಂತಿದ್ದವು.

ಊರಂಚಿನ ಈ ಅಂಗಡಿ ಅಪ್ಪನ ಕಾಲದ್ದು. ಇದರ ಬೆನ್ನಿಗೇ ಏರಿಳಿತದ ಬಯಲು ಶುರುವಾಗುತ್ತದೆ. ಬಯಲಿನ ನಡುವೆ ಹಳೆಯ ದೊಡ್ಡ ಪಾರ್ಕು, ಅದರಾಚೆ ದಿಬ್ಬಗಳು, ದಿಬ್ಬಗಳ ಮೈಮೇಲೆಲ್ಲ ಯಾರೋ ಹಿಟ್ಟು ಚೆಲ್ಲಿಕೊಂಡು ನಡೆದ ಹಾಗೆ ಗರಸಿನ ದಾರಿಗಳು. ಡಾಂಬರು ಕಂಡರೆ ಮುಖ ತಿರುಗಿಸಿ ಆ ದಾರಿಗಳನ್ನೇ ಹುಡುಕಿಕೊಂಡು ಹೋಗುವ ಸೈಕಲ್ಲಿನವರು, ವಾಪಸು ಬರುವಾಗ ಇಲ್ಲಿ ತೊಳೆಸಿ ಚೈನಿಗೆ ಎಣ್ಣೆ ಬಿಡಿಸಿಕೊಂಡು ಹೋಗುತ್ತಿದ್ದರು. ತೊಳೆಯುವ ಮೊದಲು ಮಣ್ಣು ನೋಡುವುದು ಅಪ್ಪ ಕಲಿಸಿದ ಪಾಠ. ಯಾವ ಮಣ್ಣು ಬೇರಿಂಗಿನೊಳಗೆ ಹೊಗುತ್ತದೆ, ಯಾವುದು ಬ್ರೇಕು ತಿನ್ನುತ್ತದೆ ಎಂದು ತಿಳಿಯಬೇಕಲ್ಲ. ಹೊಳೆದಂಡೆಯದು ಬೂದು, ದಿಬ್ಬದ್ದು ಕೆಂಪು, ಪಾರ್ಕಿನ ಸಾಲುಮರದ ದಾರಿಯದು ಸುಣ್ಣದಂಥ ಬಿಳಿ. ಹಳದಿ ಇದ್ದದ್ದು ಇಡೀ ಬಯಲಿನಲ್ಲಿ ಒಂದೇ ಕಡೆ.

ಅದನ್ನು ಅಕ್ಕತಂಗಿ ಇಬ್ಬರೂ 'ಅರಮನೆ' ಎನ್ನುತ್ತಿದ್ದರು. ದಿಬ್ಬದ ನೆತ್ತಿಯಲ್ಲಿ ದೊಡ್ಡ ದಾರಿ ಬಿಟ್ಟು ಹುಲ್ಲಿನೊಳಗೆ ಇಳಿದರೆ ಸಿಗುವ ಒಂದು ಹಾಳು ಇಟ್ಟಿಗೆಗೂಡು. ಅರ್ಧ ಕುಸಿದ ಗೋಡೆ, ಅದರಲ್ಲೊಂದು ಕಿಂಡಿ, ಕಿಂಡಿಯಲ್ಲಿ ಇಬ್ಬರಿಗೆ ಸರಿಯಾಗಿ ಕೂರುವಷ್ಟು ಜಾಗ. ಗುಬ್ಬಿಗೆ ಸೈಕಲ್ ಕಲಿಸಿದ ವರ್ಷ ಅಕ್ಕನೇ ಕಂಡುಹಿಡಿದದ್ದು. ಯಾರಿಗೂ ಹೇಳಬಾರದು ಎಂದು ಅಲ್ಲೇ ಕೈ ಮೇಲೆ ಕೈ ಇಟ್ಟು ಮಾತಾಗಿತ್ತು. ಅಮ್ಮನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಮದುವೆಯಾದ ಮೇಲೂ ಗುಬ್ಬಿ ಒಂದು ದಿನ ಕಿವಿಗೆ ಬಾಯಿಟ್ಟು, "ಅವರಿಗೂ ಹೇಳಿಲ್ಲ ಕಣೇ ಅಕ್ಕ" ಎಂದಿದ್ದಳು. ಗಂಡನಿಗೂ ಬಾಯಿ ಬಿಡದವಳು ಗಂಡನ ತಂಗಿಯನ್ನು ಕರೆದುಕೊಂಡು ಹೋಗಿದ್ದಾಳೆ!

ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆದು ಇಬ್ಬರೂ ನಗುತ್ತಾ ಒಳಗೆ ಬಂದರು. ನಾದಿನಿ ಕಣ್ಣಿನ ಆಸ್ಪತ್ರೆಯ ನರ್ಸು. ವರ್ಗವಾಗಿ ಈ ಊರಿಗೆ ಬಂದು ಅಣ್ಣನ ಮನೆಯಲ್ಲೇ ಇದ್ದಳು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಅಕ್ಕ ಮನಸ್ಸಿನಲ್ಲಿ ಅವಳಿಗೆ ಒಂಟೆ ಎಂದು ಹೆಸರಿಟ್ಟಿದ್ದಳು.

"ಎಲ್ಲಿಗೆ ಹೋಗಿದ್ರಿ?" ಅಕ್ಕ ಬಕೆಟ್ಟಿಗೆ ನೀರು ಬಿಡುತ್ತಾ ಕೇಳಿದಳು.

"ಇಲ್ಲೇ ಅಕ್ಕ, ಪಾರ್ಕಿನ ತನಕ," ಎಂದಳು ಗುಬ್ಬಿ. "ದೊಡ್ಡ ಸುತ್ತು ನಾಳೆಗಿದೆಯಲ್ಲ."

"ಪಾರ್ಕಿನ ತನಕ."

"ಹೂಂ. ಯಾಕೆ?"

"ಯಾಕೂ ಇಲ್ಲ. ಸುಮ್ನೆ ಕೇಳ್ದೆ."

ಒಂಟೆ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಗುಬ್ಬಿ ಅತ್ತಿಗೆ ಇವತ್ತು ನನ್ನ ಸುಸ್ತು ಮಾಡಿಬಿಟ್ರು ಅಕ್ಕ. ಗಾಳಿ ಥರ ಹೋಗ್ತಾರೆ," ಎಂದಳು. ಗುಬ್ಬಿ ಅತ್ತಿಗೆ! ಆ ಹೆಸರು ಅಕ್ಕ ಇಟ್ಟದ್ದು, ತೊಟ್ಟಿಲಿನಲ್ಲಿದ್ದಾಗ. ಈಗ ಅದಕ್ಕೆ ಒಂದು ಅತ್ತಿಗೆ ಅಂಟಿಸಿಕೊಂಡು ಇವಳು ಕರೆಯುತ್ತಾಳೆ. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಉದ್ದ ಎಂದು ಸುಮ್ಮನೆ ಹೇಳಿಲ್ಲ.

"ನಾಳೆ ದಿಬ್ಬ ಹತ್ತಿ ಆ ಕಡೆ ಇಳಿಯೋದು," ಒಂಟೆ ಮುಂದುವರಿಸಿದಳು. "ಅಲ್ಲೇ ಅಲ್ವಾ ಅಕ್ಕ ನೀವು ಬಿದ್ದಿದ್ದು? ತುಂಬಾ ಇಳಿಜಾರಂತೆ?"

ಗುಬ್ಬಿ ಅವಳ ಮೊಣಕೈ ಹಿಂಡಿದ್ದು ಅಕ್ಕನಿಗೆ ಕಂಡಿತು. ಕಂಡದ್ದರಿಂದ ಇನ್ನಷ್ಟು ಉರಿಯಿತು. ನನ್ನ ವಿಷಯದಲ್ಲಿ ಸನ್ನೆ ಮಾಡಿಕೊಳ್ಳುವಷ್ಟಾಯಿತೇ ಇವರಿಬ್ಬರಲ್ಲಿ?

"ಇಳಿಯೋಕೆ ಬರೋರಿಗೆ ಇಳಿಜಾರೂ ಅಂಗಳವೇ, ಬೀಳೋರಿಗೆ ಮನೆ ಅಂಗಳವೂ ಇಳಿಜಾರೇ," ಎಂದಳು. "ಸೈಕಲ್ ಇಲ್ಲೇ ಇರಲಿ. ಬೆಳಿಗ್ಗೆ ಬಂದು ತಗೊಂಡು ಹೋಗಿ."

ಕಳೆದ ವರ್ಷ ಆ ಇಳಿಜಾರಿನಲ್ಲೇ ಅವಳ ಮಂಡಿಚಿಪ್ಪು ಒಡೆದಿತ್ತು. ಮಂಡಿಯ ಪ್ಲಾಸ್ಟರು ಬಿಚ್ಚಿ ಬಹಳ ದಿನವಾಗಿತ್ತು. ಡಾಕ್ಟರು ಸೈಕಲ್ ತುಳಿಯಿರಿ ಎಂದೂ ಹೇಳಿದ್ದರು. ಧೈರ್ಯಕ್ಕೆ ಬಿದ್ದ ಪ್ಲಾಸ್ಟರು ಮಾತ್ರ ಹಾಗೇ ಇತ್ತು. ಗುಬ್ಬಿ ಪ್ರತಿ ಭಾನುವಾರ ಬಂದು "ಬರ್ತೀಯಾ?" ಎಂದು ಕೇಳುವಳು. ಅಕ್ಕ "ಬರೋ ವಾರ" ಎನ್ನುವಳು. ಬರೋ ವಾರ ಬರಲೇ ಇಲ್ಲ, ಒಂಟೆ ಬಂದಳು. ಗುಬ್ಬಿ ಕೇಳುವುದನ್ನು ಬಿಟ್ಟಳು. ಅಕ್ಕನ ಸೈಕಲ್ಲು ಒಳಗೋಡೆಯ ಕೊಕ್ಕೆಯಲ್ಲಿ, ಬಾಗಿಲ ಕಡೆ ಬೆನ್ನು ಹಾಕಿ ತೂಗುತ್ತಿತ್ತು.

ಅವರು ಹೋದ ಮೇಲೆ ಅಕ್ಕ ಎರಡೂ ಸೈಕಲ್ಲು ತೊಳೆದಳು. ಹಳದಿ ನೀರು ಚರಂಡಿಗೆ ಹರಿಯಿತು. ಚೈನು ಒರೆಸಿ, ಎಣ್ಣೆ ಬಿಟ್ಟು, ಬ್ರೇಕಿನ ತಂತಿ ಎಳೆದು ನೋಡಿದಳು. ಕೆಲಸದಲ್ಲಿ ಕೈ ತಪ್ಪಲಿಲ್ಲ, ಕೊನೆಗೆ ಗಾಳಿ ಹಾಕುವ ತನಕ. ಗರಸಿನ ದಾರಿಗೆ ಟಯರು ಮಾಗಿದ ಹಣ್ಣಿನಂತಿರಬೇಕು, ಹೆಬ್ಬೆರಳು ಒತ್ತಿದರೆ ಒಂಚೂರು ತಗ್ಗಬೇಕು ಎನ್ನುತ್ತಿದ್ದ ಅಪ್ಪ. ಮೆತ್ತಗಿದ್ದರೆ ಟಯರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಬಿಗಿಯಾದರೆ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ. ಗುಬ್ಬಿಯ ಸೈಕಲ್ಲಿಗೆ ಅಕ್ಕ ಹಣ್ಣಿನ ಹದಕ್ಕೇ ಗಾಳಿ ಹಾಕಿದಳು. ಒಂಟೆಯ ಸೈಕಲ್ಲಿಗೆ ಪಂಪು ಒತ್ತಿದಳು, ಮತ್ತೆ ಒತ್ತಿದಳು, ತೋಳು ನೋಯುವವರೆಗೆ ಒತ್ತಿದಳು. ಹೆಬ್ಬೆರಳು ಇಟ್ಟರೆ ಕಲ್ಲು. 'ನಾಳೆ ಸಂಜೆ ಕೂರಲಿಕ್ಕಾಗಬಾರದು ಮಹಾರಾಣಿಗೆ' ಎಂದುಕೊಂಡಳು. ಅಷ್ಟೇ ಅಂದುಕೊಂಡದ್ದು. ಇಳಿಜಾರಿನ ನೆನಪು ಆಗ ಬರಲಿಲ್ಲ, ಅಥವಾ ಬಂದದ್ದನ್ನು ಅವಳು ಒಳಗೆ ಬಿಟ್ಟುಕೊಳ್ಳಲಿಲ್ಲ.

ಬೆಳಿಗ್ಗೆ ಇಬ್ಬರೂ ಬಂದರು, ಹೋದರು. ಒಂಟೆ "ಥ್ಯಾಂಕ್ಸ್ ಅಕ್ಕ, ಹೊಸದರ ಹಾಗೆ ಮಾಡಿದೀರ!" ಎಂದು ಕೈಬೀಸಿದಳು. ಗುಬ್ಬಿ ಒಂದು ಕ್ಷಣ ಬಾಗಿಲಲ್ಲಿ ನಿಂತಳು. ಏನೋ ಕೇಳುವವಳಂತೆ ಕೊಕ್ಕೆಯಲ್ಲಿದ್ದ ಸೈಕಲ್ಲಿನ ಕಡೆ ನೋಡಿ, ಕೇಳದೆ ಹೋದಳು.

ಅಕ್ಕ ಒಂದು ಪಂಕ್ಚರಿಗೆ ಕೈ ಹಾಕಿದಳು. ಟ್ಯೂಬನ್ನು ನೀರಿನಲ್ಲಿ ಅದ್ದಿದಳು. ಗುಳ್ಳೆ ಎಲ್ಲಿಂದ ಬರುತ್ತಿದೆ ಎಂದು ನೋಡುವ ಬದಲು ಆ ಇಳಿಜಾರೇ ಕಣ್ಣಿಗೆ ಕಟ್ಟಿತು: ನೆತ್ತಿಯಿಂದ ಒಮ್ಮೆಲೇ ಕೆಳಗೆ ಬೀಳುವ ದಾರಿ, ತಿರುವಿನಲ್ಲಿ ಕಾಳಿನ ಹಾಗೆ ಉರುಳುವ ಸಡಿಲ ಜಲ್ಲಿ. ಹದವಾದ ಟಯರಿದ್ದ ತನ್ನನ್ನೇ ಅದು ಬಿಟ್ಟಿರಲಿಲ್ಲ. ಟ್ಯೂಬು ಕೈಯಿಂದ ಜಾರಿತು. "ಥೂ, ನನ್ನ ಬುದ್ಧಿಗಿಷ್ಟು!" ಎಂದು ಎದ್ದವಳು ಸ್ಟೂಲು ಹತ್ತಿ ತನ್ನ ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿದಳು. ಟಯರಿನಲ್ಲಿ ಗಾಳಿ ಇರಲಿಲ್ಲ, ಸೀಟಿನ ಮೇಲೆ ಜೇಡನ ಬಲೆ. ಗಾಳಿ ತುಂಬಿ, ಬಲೆಯ ಮೇಲೇ ಕೂತು, ಅಂಗಡಿ ಬಾಗಿಲು ಎಳೆದುಕೊಳ್ಳಲೂ ಮರೆತು ಹೊರಟಳು.

ಮಂಡಿ ಮೊದಲ ಏರಿನಲ್ಲಿ ಕಿರುಗುಟ್ಟಿತು, ಎರಡನೆಯದರಲ್ಲಿ ಬೈಯಿತು, ಆಮೇಲೆ ಹಣೆಬರಹವೆಂದು ಸುಮ್ಮನಾಯಿತು. ಬೇಲಿಯ ಪಕ್ಕದ ದನಗಳು ತಲೆಯೆತ್ತಿ ನೋಡಿದವು. ಪಾರ್ಕಿನ ಗೇಟು ದಾಟಿ ಸಾಲುಮರದ ದಾರಿಗೆ ತಿರುಗಿದವಳು ಬ್ರೇಕು ಹಿಡಿದುಬಿಟ್ಟಳು.

ದಾರಿ ಬಿಳಿಯಾಗಿರಲಿಲ್ಲ. ಕಣ್ಣು ಹಾಯುವವರೆಗೆ, ಎರಡೂ ಕಡೆಯ ಮರಗಳ ನಡುವೆ, ಹೊಸದಾಗಿ ಹರಡಿ ಒತ್ತಿದ ಹಳದಿ ಗರಸು. ಒಂದು ಪಕ್ಕ ರೋಲರು ಚಕ್ರದ ತುಂಬ ಹಳದಿ ಬಳಿದುಕೊಂಡು ನಿಂತಿತ್ತು. ಗೇಟಿನ ಕಾವಲುಗಾರ ಬೂಟನ್ನು ಕಲ್ಲಿಗೆ ಬಡಿಯುತ್ತಿದ್ದ.

"ಏನಿದು?" ಎಂದಳು ಅಕ್ಕ.

"ಇನ್ನೇನು, ಅರಿಶಿನದ ಡಬ್ಬ ಉರುಳಿಸಿದಾರೆ," ಎಂದ ಕಾವಲುಗಾರ. "ಮೊನ್ನೆ ತಂದು ಸುರಿದ್ರು. ಬೂಟು ಬಿಚ್ಚದೆ ಒಳಗೆ ಬಂದ್ರೆ ನೋಡು ಅಂತಾಳೆ ನಮ್ಮನೆಯವಳು. ನೀವು ಸೈಕಲ್ ಅಕ್ಕ ಅಲ್ವಾ? ಎಷ್ಟು ದಿನ ಆಯ್ತು ನೋಡಿ! ಎಲ್ಲರ ಚಕ್ರನೂ ತೊಳೀತೀರಂತೆ, ನಿಮ್ಮ ಚಕ್ರ ಮಾತ್ರ ಈ ಕಡೆ ತಿರುಗಲ್ಲವಲ್ಲ?"

ಅಕ್ಕ ತಲೆ ಬಗ್ಗಿಸಿದಳು. ತನ್ನ ಮುಂದಿನ ಚಕ್ರ ನೋಡಿದಳು. ಆಗಲೇ ಅಂಚಿನಲ್ಲಿ ಹಳದಿ ಹತ್ತಿತ್ತು. 'ಇಲ್ಲೇ ಅಕ್ಕ, ಪಾರ್ಕಿನ ತನಕ' ಎಂದಿದ್ದಳು ಗುಬ್ಬಿ. ಅವಳು ಹಲ್ಲು ಕಚ್ಚಿ ಪೆಡಲಿನ ಮೇಲೆ ನಿಂತಳು.

ದಿಬ್ಬದ ಬುಡದ ನೀರಿನ ನಲ್ಲಿಯ ಬಳಿ ಇಬ್ಬರೂ ಸಿಕ್ಕರು. ಒಂಟೆ ಹುಲ್ಲಿನ ಮೇಲೆ ಕೂತು ಅಂಗೈಗೆ ನೀರು ಹಾಕಿಸಿಕೊಳ್ಳುತ್ತಿದ್ದಳು. ಚರ್ಮ ತರಚಿ ಕೆಂಪಾಗಿತ್ತು. ಗುಬ್ಬಿ ಬಾಟಲಿಯನ್ನು ಹಾಗೇ ಹಿಡಿದು, ಬಾಯಿ ತೆರೆದು ನಿಂತಳು.

"ಅಕ್ಕಾ! ನೀನು... ಸೈಕಲ್ಲಲ್ಲಿ?"

"ಇನ್ನೇನು, ಪಲ್ಲಕ್ಕೀಲಿ ಬರ್ಲಾ?" ಅಕ್ಕ ಏದುಸಿರು ಬಿಡುತ್ತಾ ಇಳಿದಳು. "ಕೈಗೇನಾಯ್ತು?"

"ಪಾರ್ಕಿನ ತಿರುವಲ್ಲೇ ಜಾರಿಬಿಟ್ಟೆ ಅಕ್ಕ," ಒಂಟೆ ನಾಚಿಕೊಂಡು ನಕ್ಕಳು. "ಬೆಳಿಗ್ಗೆಯಿಂದ ಬರೀ ಕುಲುಕಾಟ, ಹಲ್ಲೆಲ್ಲ ಅಲ್ಲಾಡ್ತಿದೆ. ನೀವು ಅಷ್ಟು ಚೆನ್ನಾಗಿ ರೆಡಿ ಮಾಡಿ ಕೊಟ್ರೂ ಓಡಿಸೋಕೆ ಬರಬೇಕಲ್ಲ ನಂಗೆ!"

ಗುಬ್ಬಿ ಬಗ್ಗಿ ನಾದಿನಿಯ ಟಯರಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದಳು. ಅವಳೂ ಅದೇ ಅಪ್ಪನ ಮಗಳು. ಒತ್ತಿದ ಬೆರಳನ್ನು ತೆಗೆಯದೆ ಅಕ್ಕನ ಮುಖ ನೋಡಿದಳು.

"ಗಾಳಿ ಜಾಸ್ತಿಯಾಗಿದೆ," ಎಂದಳು ಅಕ್ಕ.

"ಹೂಂ. ಮುಂದಿಂದೂ, ಹಿಂದಿಂದೂ."

"ಎರಡೂ."

"ನಂದು ಸರಿಯಾಗಿದೆ," ಎಂದಳು ಗುಬ್ಬಿ.

ಅಕ್ಕ ಮಂಡಿಯೂರಲಾರದೆ ನೆಲದ ಮೇಲೇ ಕಾಲು ಚಾಚಿ ಕೂತಳು. ವಾಲ್ವಿನ ಟೋಪಿ ಬಿಚ್ಚಿ ಉಗುರಿನಿಂದ ಒತ್ತಿದಳು. ಗಾಳಿ ಸುಯ್ಯೆಂದು ಹೊರಬಂತು. ಹದ ನೋಡಿ ಟೋಪಿ ತಿರುಗಿಸಿದ ಮೇಲೆ ಅಕ್ಕ ಒಂಟೆಯ ಕೈ ಎಳೆದುಕೊಂಡು ಗಾಯದಲ್ಲಿ ಸಿಕ್ಕಿದ್ದ ಹಳದಿ ಹರಳೊಂದನ್ನು ತೆಗೆದಳು. "ಉರಿಯತ್ತೆ, ತಡ್ಕೋ," ಎಂದಳು.

"ಅಕ್ಕ, ನರ್ಸು ನಾನು!"

"ಗೊತ್ತು. ಸುಮ್ನೆ ಕೂತ್ಕೋ."

ಮೂವರೂ ದಿಬ್ಬ ಹತ್ತಿದರು. ಅಕ್ಕ ಎಲ್ಲರಿಗಿಂತ ಹಿಂದೆ. ಬಯಲು ಕೆಳಗೆ ಸುಕ್ಕುಗಟ್ಟಿದ ಹೊದಿಕೆಯಂತೆ ಹರಡಿತು, ಪಾರ್ಕಿನ ಹೊಸ ದಾರಿ ಅದರ ನಡುವೆ ಹಳದಿ ದಾರದ ಎಳೆ. ಮುಂದೆ ಇಬ್ಬರೂ ಜೊತೆಜೊತೆಗೆ ತುಳಿಯುತ್ತಿದ್ದರು. ಒಂಟೆ ಏನೋ ಹೇಳಿದಳು, ಗುಬ್ಬಿ ನಗಲಿಲ್ಲ. ನಗಲಿಲ್ಲ ಎಂಬುದು ಅಕ್ಕನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ನೆತ್ತಿ ಬಂತು. ಬಲಗಡೆ ಹುಲ್ಲಿನ ನಡುವೆ, ಗೊತ್ತಿದ್ದವರ ಕಣ್ಣಿಗೆ ಮಾತ್ರ ಕಾಣುವಂಥ, ಅರಮನೆಗೆ ಇಳಿಯುವ ತಗ್ಗು. ಒಂಟೆ ಕಾಲೂರಿ ನಿಂತಳು. ಎತ್ತರದವಳು, ಕುದುರೆಯ ಮೇಲಿಂದ ನೋಡಿದ ಹಾಗೆ ನೋಡಿದಳು.

"ಅತ್ತಿಗೆ, ಇಲ್ಲೊಂದು ದಾರಿ ಇದ್ದ ಹಾಗಿದೆಯಲ್ಲ? ಎಲ್ಲಿಗೆ ಹೋಗುತ್ತೆ?"

ಅಕ್ಕ ಹಿಂದಿನಿಂದ ಬರುತ್ತಿದ್ದಳು. ಗುಬ್ಬಿ ತಿರುಗಿ ನೋಡಲಿಲ್ಲ.

"ಎಲ್ಲಿಗೂ ಇಲ್ಲ," ಎಂದಳು. "ದನ ಇಳಿಯೋ ಜಾಗ. ಬಾ."

ಇಬ್ಬರೂ ಮುಂದೆ ಹೊರಟರು. ಅಕ್ಕ ಆ ತಗ್ಗಿನ ಬಳಿ ಬಂದು ನಿಂತಳು. ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಒಂದು ಕಡ್ಡಿಯೂ ಮುರಿದಿರಲಿಲ್ಲ, ಒಂದೂ ಬಾಗಿರಲಿಲ್ಲ; ತುದಿಗಳಿಂದ ತುದಿಗಳಿಗೆ ಜೇಡ ಬಲೆ ನೇಯ್ದಿತ್ತು.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಗರಸಿನ ಸದ್ದು ಕೇಳದೆ ಇಬ್ಬರೂ ನಿಂತು ತಿರುಗಿದರು. ಇಬ್ಬರನ್ನೂ ಕರೆಯುವಂತೆ ಅಕ್ಕ ಬೆಲ್ಲು ಹೊಡೆದಳು, ಒಂದೇ ಸಲ. ಅವಳ ಸೈಕಲ್ಲಿನ ಹಳದಿ ಚಕ್ರ ಹಸಿರು ಹುಲ್ಲಿನೊಳಗೆ ಅರ್ಧ ಹೊಕ್ಕು ನಿಂತಿತ್ತು.