ಸೌಟು ಕೃಷ್ಣ

ಠಾಣೆ ಪೂರ್ವದ ಕೋಪರಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಯಜ್ಞೇಶ್ವರ ಉಪಾಧ್ಯರಿಗೆ ದೇವರ ಮೇಲೆ ಭಕ್ತಿ ಇತ್ತು. ಆ ಭಕ್ತಿ ನಾಲ್ಕು ಜನರ ಕಣ್ಣಿಗೂ ಬೀಳಬೇಕು ಎಂಬ ಆಸೆಯೂ ಇತ್ತು. 2011ರಲ್ಲಿ ಉಡುಪಿ ಕಡೆಯವರ ಸಂಘ ಅವರನ್ನು ಅಷ್ಟಮಿ ಉತ್ಸವದ ಅಧ್ಯಕ್ಷರನ್ನಾಗಿ ಆರಿಸಿತು. ಪೂಜೆಗೆ ಗಂಡಸರು ಅಂಗಿ ಬಿಚ್ಚಿ, ಶಲ್ಯ ಹೊದ್ದು ನಿಲ್ಲುವುದು ಕ್ರಮ. ಹಿಂದಿನ ವರ್ಷದ ಅಧ್ಯಕ್ಷರ ಎದೆಯ ಮೇಲೆ ಹೆಬ್ಬೆರಳು ದಪ್ಪದ ಚಿನ್ನದ ಸರ ಇತ್ತು. ಉಪಾಧ್ಯರ ಎದೆಯ ಮೇಲೆ ಇದ್ದದ್ದು ಜನಿವಾರವೊಂದೇ.

“ಬರೀ ಸರ ಎಲ್ಲರ ಹತ್ರವೂ ಉಂಟು,” ಎಂದರು ಹೆಂಡತಿ ಶ್ರೀಮತಿಯ ಬಳಿ. “ನಂದು ಹೇಗಿರ್ಬೇಕು ಅಂದ್ರೆ, ನೋಡಿದವನಿಗೆ ಕೃಷ್ಣನೂ ಕಾಣ್ಬೇಕು, ನಾನೂ ಕಾಣ್ಬೇಕು.”

“ಕೃಷ್ಣ ಕಂಡ್ರೆ ಸಾಕಲ್ವಾ? ನೀವು ಹೇಗೂ ಅದರ ಹಿಂದೆಯೇ ಇರ್ತೀರಿ.”

ಮಗಳು ಪ್ರಿಯಂವದಾ ಅಪ್ಪನನ್ನು ವಾಶಿಯ ಮಾಲ್‌ನ ಒಡವೆ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಗೆಳತಿ ಅಶ್ಮಿತಾ ಗಿರಾಕಿಗಳಿಗೆ ಬೇಕಾದಂತೆ ಒಡವೆಗಳ ವಿನ್ಯಾಸ ಮಾಡಿಕೊಡುತ್ತಿದ್ದಳು. ಅವಳ ಅಪ್ಪನ ಊರು ಮೂಲ್ಕಿಯಾದರೂ ಅವಳು ಹುಟ್ಟಿ ಬೆಳೆದದ್ದು ವಾಶಿಯಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ಅಂಕಲ್, ಪೆಹಲೇ ಆಪ್‌ಕೀ ಸ್ಟೋರಿ ಬತಾಯಿಯೇ,” ಎಂದಳು. ಒಡವೆಯಲ್ಲಿ ಬರೀ ಚಿನ್ನವಿದ್ದರೆ ಸಾಲದು, ತೊಡುವವನ ಬದುಕೂ ಇರಬೇಕು ಎಂಬುದು ಅವಳ ಸಿದ್ಧಾಂತ.

ಉಪಾಧ್ಯರಿಗೆ ಇಷ್ಟು ಸಾಕಾಯಿತು. ಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬಿದ್ದು, ಟೇಬಲ್ ಒರೆಸಿದ್ದು, ಕೊನೆಗೆ ತಾವೇ ಯಜಮಾನರಾದದ್ದು, ಎಲ್ಲವನ್ನೂ ಅಲ್ಲಲ್ಲಿ ಒಗ್ಗರಣೆ ಹಾಕಿ ಹೇಳಿದರು. ಪ್ರಿಯಂವದಾ ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಚಪ್ಪಲಿ ನೋಡಿ ಬಂದಳು.

“ಈಗ ದೇವರ ವಿಷಯ,” ಎಂದರು ಉಪಾಧ್ಯರು. “ಪದಕದಲ್ಲಿ ಉಡುಪಿ ಕೃಷ್ಣ ಬೇಕು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕಡೆಗೋಲು.”

“ಕಡೆಗೋಲು ಮತ್ಲಬ್?”

ಅದೇ ಹೊತ್ತಿಗೆ ಹೋಟೆಲಿನಿಂದ ಫೋನು ಬಂತು. ಗ್ಯಾಸ್ ಮುಗಿದಿತ್ತು. ಉಪಾಧ್ಯರು ಫೋನಿಗೆ ಕೈ ಅಡ್ಡ ಹಿಡಿದು, “ಅಡುಗೆಮನೆ ಸಾಮಾನು ಮಾರಾಯ್ತಿ. ಉದ್ದ ಹಿಡಿ, ತುದಿಯಲ್ಲಿ ಗುಂಡಗೆ,” ಎಂದರು.

ಅಶ್ಮಿತಾಳ ಮುಖ ಅರಳಿತು. “ಪರ್ಫೆಕ್ಟ್! ಭಗವಾನ್ ಭೀ, ಹೋಟೆಲ್ ಭೀ!”

ಕಂಪ್ಯೂಟರಿನಲ್ಲಿ ಅವಳು ಚಿತ್ರ ತಿರುಗಿಸಿ ತೋರಿಸಿದ ದಿನ ಉಪಾಧ್ಯರು ಕನ್ನಡಕ ಮರೆತು ಬಂದಿದ್ದರು. ಕಿರೀಟ ಮಿಂಚಿದ್ದು ಕಂಡು ಒಪ್ಪಿಕೊಂಡರು.

ಅಷ್ಟಮಿಯ ಹಿಂದಿನ ದಿನ ಅಂಗೈಯಗಲದ ಪದಕ ಮನೆಗೆ ಬಂತು. ಶ್ರೀಮತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಚಂದ ಉಂಟು. ಆದ್ರೆ ಕೃಷ್ಣ ಯಾಕೆ ಸೌಟು ಹಿಡ್ಕೊಂಡಿದ್ದಾನೆ?”

ಉಪಾಧ್ಯರು ಕನ್ನಡಕ ಹಾಕಿಕೊಂಡರು. ಸಂಶಯವೇ ಇಲ್ಲ, ಸೌಟು. ಅದರ ಅಂಚಿನಿಂದ ಒಂದು ಸಣ್ಣ ಕೆಂಪು ಹರಳು ತೊಟ್ಟಿಕ್ಕುತ್ತಿತ್ತು. ಫೋನು ಮಾಡಿ ಕೇಳಿದರೆ ಅಶ್ಮಿತಾ ಹೆಮ್ಮೆಯಿಂದ, “ವೋ ಸಾಂಬಾರ್ ಹೈ, ಅಂಕಲ್,” ಎಂದಳು.

ಬದಲಿಸಲು ಸಮಯವಿರಲಿಲ್ಲ. ಪದಕದ ಸುದ್ದಿಯನ್ನು ಕಲ್ಯಾಣದವರೆಗೂ ಅವರೇ ಹಬ್ಬಿಸಿಯಾಗಿತ್ತು. ಮರುದಿನ ಡೊಂಬಿವಲಿಯ ಸಂಘದ ಸಭಾಗೃಹದಲ್ಲಿ ಉಪಾಧ್ಯರು ಶಲ್ಯವನ್ನು ಕುತ್ತಿಗೆಯವರೆಗೆ ಎಳೆದುಕೊಂಡು ನಿಂತರು. ಸಂಘದ ಕಾರ್ಯದರ್ಶಿ ವಸಂತಕುಮಾರ ಬಾಯರಿ ನೇರ ಬಂದವರೇ ಶಲ್ಯ ಸರಿಸಿದರು.

“ಎಲ್ಲಿ, ತೋರ್ಸಿ ಮಾರಾಯ್ರೆ... ಅರೆ! ಇದು ಸೌಟಲ್ವಾ?”

ಸುತ್ತಲಿದ್ದವರು ಬಗ್ಗಿ ನೋಡಿದರು. ಯಾರೋ ಕಿಸಕ್ಕೆಂದರು. ಉಪಾಧ್ಯರು ಯೋಚಿಸುವುದಕ್ಕಿಂತ ಮೊದಲೇ ಅವರ ಬಾಯಿ ಮಾತಾಡಿತು.

“ಕಡೆಗೋಲು ಬೆಣ್ಣೆ ತೆಗಿಲಿಕ್ಕೆ, ಬಾಯರಿಗಳೇ. ಆ ಬೆಣ್ಣೆಯನ್ನು ಕೃಷ್ಣ ತಾನೇ ತಿಂದ. ಸೌಟು ಹಾಗಲ್ಲ, ಅದು ಇನ್ನೊಬ್ಬರಿಗೆ ಬಡಿಸ್ಲಿಕ್ಕೆ. ಇವ ಬಡಿಸುವ ಕೃಷ್ಣ. ನನ್ನ ಜೀವನದ ತತ್ವವೇ ಇದು.”

ಹಿಂದಿನಿಂದ ಯಾರೋ “ಆಹಾ!” ಎಂದರು. ಬಾಯರಿ ಮೈಕಿನಲ್ಲಿ ಅದನ್ನೇ ಇನ್ನಷ್ಟು ಉದ್ದ ಮಾಡಿ ಹೇಳಿದರು. ಹೆಂಗಸರು ಪದಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಐರೋಲಿಯ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಇಂಥದ್ದೊಂದು ಉಲ್ಲೇಖವನ್ನು ಎಲ್ಲೋ ಓದಿದ ನೆನಪಿದೆ ಎಂದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮನೆಗೆ ಮರಳುವಷ್ಟರಲ್ಲಿ ಉಪಾಧ್ಯರೇ ತಮ್ಮ ಮಾತನ್ನು ಪೂರ್ತಿ ನಂಬಿದ್ದರು.

“ಕೃಷ್ಣನೇ ಆ ಹುಡುಗಿ ಕೈಯಲ್ಲಿ ಮಾಡಿಸಿದ್ದು,” ಎಂದರು ಶ್ರೀಮತಿಗೆ.

ಮಾರನೆಯ ದಿನ ಸಂಘದ ಊಟ. ಎಲೆಗಳ ಮುಂದೆ ಜನ ಕೂತಿದ್ದರು. ಉಪಾಧ್ಯರು ಮೊದಲ ಸಾಲಿನಲ್ಲಿ ಕೂರಲು ಹೊರಟಾಗ ಬಾಯರಿ ಅವರ ಕೈಗೆ ಸಾರಿನ ಬಕೆಟು ಕೊಟ್ಟರು.

“ನಿಮ್ಮ ತತ್ವ ಅಲ್ವಾ! ನೀವೇ ಶುರು ಮಾಡ್ಬೇಕು.”

ಉಪಾಧ್ಯರು ಸೌಟು ಮುಟ್ಟದೆ ವರ್ಷಗಳೇ ಕಳೆದಿದ್ದವು. ಹೋಟೆಲಿನಲ್ಲಿ ಅವರು ಮುಟ್ಟುತ್ತಿದ್ದದ್ದು ಕ್ಯಾಶ್ ಕೌಂಟರಿನ ಕೀಲಿಯನ್ನು ಮಾತ್ರ. ಬಗ್ಗಿದಾಗಲೆಲ್ಲ ಪದಕ ಮುಂದಕ್ಕೆ ತೂಗಿ ಬಕೆಟಿನಲ್ಲಿ ಮುಳುಗಿ, ನೆಟ್ಟಗಾದಾಗ ಬಂದು ಬರಿ ಎದೆಗೆ ತಾಗುತ್ತಿತ್ತು. ಬಿಸಿ ತಾಗಿ ಅವರು “ಕೃಷ್ಣಾ!” ಎಂದು ಕೂಗಿದರೆ, ಉಣ್ಣುತ್ತಿದ್ದವರು “ಗೋವಿಂದಾ!” ಎಂದು ದನಿಗೂಡಿಸಿದರು.

ಆಮೇಲೆ ಕರೆಗಳು ಶುರುವಾದವು. ಕಲ್ಯಾಣದಲ್ಲಿ ಉಪನಯನ, ಐರೋಲಿಯಲ್ಲಿ ಸತ್ಯನಾರಾಯಣ ಪೂಜೆ, ವಾಶಿಯಲ್ಲಿ ಗೃಹಪ್ರವೇಶ. ಎಲ್ಲರದ್ದೂ ಒಂದೇ ಮಾತು: “ನೀವು ಬಂದು ನಾಲ್ಕು ಸಾಲಿಗೆ ಬಡಿಸಿದ್ರೆ ನಮ್ಮ ಪುಣ್ಯ.” ಅತ್ತ ಅಶ್ಮಿತಾಳಿಗೆ ಪುರುಸೊತ್ತಿಲ್ಲ. ಫ್ಲಾಟು ಮಾರಿಸುವ ಏಜೆಂಟನೊಬ್ಬ ಬೀಗದ ಕೈ ಗೊಂಚಲು ಹಿಡಿದ ಗಣಪತಿಯನ್ನು ಮಾಡಿಸಿಕೊಂಡ. ಲೆಕ್ಕಪರಿಶೋಧಕನೊಬ್ಬ ಲಕ್ಷ್ಮಿಯ ಪಾದದ ಬಳಿ ಕ್ಯಾಲ್ಕುಲೇಟರ್ ಇಡಿಸಿದ.

ದೀಪಾವಳಿಯ ಹೊತ್ತಿಗೆ ಉಪಾಧ್ಯರ ಸೊಂಟ ಹಿಡಿದುಕೊಂಡಿತ್ತು. ಶ್ರೀಮತಿ ಎಣ್ಣೆ ತಿಕ್ಕುತ್ತಿದ್ದರು.

“ಪಪ್ಪಾ, ಲಾಕರ್ ಮೇ ರಖ್ ದೋ ನಾ,” ಎಂದಳು ಪ್ರಿಯಂವದಾ.

“ಲಾಕರಿನಲ್ಲಿ ಇಟ್ರೆ ಜನ ಕೇಳುದಿಲ್ವಾ? ಕೃಷ್ಣ ಎಲ್ಲಿ ಅಂತ?”

“ದೇವರಿಗೇ ಕೊಟ್ಬಿಡಿ,” ಎಂದರು ಶ್ರೀಮತಿ, ತಿಕ್ಕುವುದನ್ನು ನಿಲ್ಲಿಸದೆ. “ಅವನ ಸೌಟು ಅವನಿಗೆ.”

ಉಪಾಧ್ಯರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ. ಲಕ್ಷದೀಪದ ದಿನ ಸಂಘದ ಕೃಷ್ಣನ ವಿಗ್ರಹಕ್ಕೆ ಪದಕವನ್ನು ಅರ್ಪಿಸಿದರು. ಸಂಘದವರು ಅವರಿಗೆ ಹಾರ ಹಾಕಿದರು, ಫೋಟೋ ತೆಗೆದರು, ತ್ಯಾಗಮೂರ್ತಿ ಎಂದು ಹೊಗಳಿದರು. ಖಾಲಿ ಕುತ್ತಿಗೆಯಲ್ಲಿ ಉಪಾಧ್ಯರಿಗೆ ಸೊಂಟವೂ ಹಗುರಾದ ಹಾಗೆ ಅನಿಸಿತು. ಆಗ ಬಾಯರಿ ಮೈಕು ಹಿಡಿದರು.

“ಈ ಸೇವೆಯನ್ನು ಸಂಘ ಮರೆಯುವುದಿಲ್ಲ! ಇನ್ನು ಮುಂದೆ ನಮ್ಮ ಎಲ್ಲ ಉತ್ಸವಗಳಲ್ಲಿ ಮೊದಲು ಬಡಿಸುವ ಗೌರವ ಉಪಾಧ್ಯರಿಗೆ. ಅವರ ನಂತರ ಅವರ ಮನೆಯವರಿಗೆ. ಶಾಶ್ವತವಾಗಿ!”

ಚಪ್ಪಾಳೆ ಬಿತ್ತು.

“ಪಪ್ಪಾ, ಮೈ ಭೀ?” ಎಂದಳು ಪ್ರಿಯಂವದಾ, ತಾನೂ ಬಡಿಸಬೇಕೇ ಎಂಬ ಗಾಬರಿಯಿಂದ.

ಅಂದೂ ಊಟವಿತ್ತು. ಉಪಾಧ್ಯರು ಬಕೆಟು ಎತ್ತಿಕೊಂಡು ಒಂದೊಂದೇ ಎಲೆ ದಾಟಿದರು. ಎರಡನೇ ಸಾಲಿನ ಕೊನೆಯಲ್ಲಿ ಬಾಲಮ್ಮ ಎಂಬ ಮುದುಕಿ ಕೂತಿದ್ದರು. ಕಲ್ಯಾಣದಿಂದ ಮೊಮ್ಮಗನ ಜೊತೆ ಬಂದವರು. ಪದಕವನ್ನಾಗಲಿ ಅದರ ತತ್ವವನ್ನಾಗಲಿ ಕೇಳಿದವರಲ್ಲ. ಕಲಸಿದ ಅನ್ನದ ಒಂದು ತುತ್ತು ಬಾಯಿಗಿಟ್ಟು ತಲೆ ಎತ್ತಿದರು.

“ಸಾರು ತಣ್ಣಗಾಗಿದೆ ಮಗಾ. ನನಗೆ ಹಲ್ಲಿಲ್ಲ, ಬಿಸಿ ಇದ್ರೆ ಅನ್ನ ಮೆತ್ತಗಾಗ್ತದೆ.”

ತಾನು ಅಧ್ಯಕ್ಷ ಎಂದು ಹೇಳಲು ಉಪಾಧ್ಯರ ಬಾಯಿ ತೆರೆಯಿತು. ಆದರೆ ಮುದುಕಿ ಆಗಲೇ ಎಲೆಯ ಕಡೆ ತಿರುಗಿ ಕಾಯುತ್ತಾ ಕೂತಿದ್ದರು.

“ಬಿಸಿ ಮಾಡಿಸಿ ತರ್ತೇನೆ ಅಮ್ಮ. ಒಂಚೂರು ಕೂತಿರಿ.”

ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆಮನೆಗೆ ಹೋದರು. ಒಲೆಯ ಮುಂದೆ ತಾವೇ ನಿಂತು ಕುದಿಸಿ ತಂದರು. ಬಾಲಮ್ಮ ಅನ್ನದ ನಡುವೆ ಗುಂಡಿ ಮಾಡಿಕೊಟ್ಟರು. ಉಪಾಧ್ಯರು ಚೆಲ್ಲದ ಹಾಗೆ ನಿಧಾನವಾಗಿ ಸುರಿದರು.

“ಉಪಾಧ್ಯರೇ, ಮೂರನೇ ಸಾಲು ಕಾಯ್ತಾ ಉಂಟು!” ಎಂದು ಬಾಯರಿ ಕೂಗಿದರು.

“ಬಂದೆ, ಬಂದೆ,” ಎಂದರು ಉಪಾಧ್ಯರು. ಆದರೆ ಮುದುಕಿ ಮೊದಲ ತುತ್ತು ನುಂಗುವವರೆಗೂ ಅಲ್ಲೇ ನಿಂತಿದ್ದರು.