ಬಿಸಿಲಲ್ಲಿ ಬಂದವನಿಗೆ ನೀರು

ನಿಂತಿತು, ಅಚ್ಚಿನ ಟ್ರೆಡಲ್ ನಿಂತಿತು, ಬೆಳಗಿನಿಂದ ಕಿವಿಯಲ್ಲಿ ಕೂತಿದ್ದ ಆ ಕಟಕ್ ದಡಕ್ ಇಲ್ಲವಾದ ಮೇಲೆಯೇ ತೀರ್ಥರಾಮನಿಗೆ ಗೊತ್ತಾದದ್ದು ತಾನೂ ನಿಂತಿದ್ದೇನೆ ಎಂದು, ಓದುತ್ತಿದ್ದ ಸಾಲಿನ ಕೊನೆಗೆ ಬಾಯಿ ತೆರೆದಂತೆಯೇ ಉಳಿದಿದೆ, ಕೈಯಲ್ಲಿ ಪ್ರೂಫಿನ ಹಾಳೆ, ಒದ್ದೆ ಶಾಯಿಯ ವಾಸನೆ, ಸೀಮೆಎಣ್ಣೆಯ ವಾಸನೆ, ಎದುರಿಗೆ ಅಚ್ಚಿನ ಮೊಳೆ ಜೋಡಿಸುವ ವೆಂಕಪ್ಪ ಹಸ್ತಪ್ರತಿಯ ಮೇಲೆ ಬೆರಳಿಟ್ಟು ಕೂತವನು ಬೆರಳನ್ನು ಮುಂದಕ್ಕೆ ಸರಿಸುತ್ತಿಲ್ಲ, ಮೂಲೆಯಲ್ಲಿ ಟ್ರೆಡಲ್ ತುಳಿಯುವ ಕುಂಞಿ ಮೋನು ಯಾರದೋ ಮದುವೆ ಕಾಗದವನ್ನು ಕೈಯಲ್ಲೇ ಹಿಡಿದು ಇತ್ತ ನೋಡುತ್ತಿದ್ದಾನೆ — ಎಂತ ಆಯ್ತು ಇವರಿಗೆ, ಓದಿದ್ದು ಮೇದಪ್ಪ ಮಾಸ್ಟ್ರ ಕಾದಂಬರಿಯ ಒಂದು ಸಾಲು, ಇನ್ನೊಮ್ಮೆ ಓದಿದ, ಸೀತಕ್ಕ ಒಳಗಿನಿಂದ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ಜಗಲಿಯಲ್ಲಿಟ್ಟಳು, ಅಷ್ಟೇ, ಬಿಸಿಲಲ್ಲಿ ಬಂದವನಿಗೆ ಬೆಲ್ಲ ನೀರು ಕೊಡುವುದರಲ್ಲಿ ತಪ್ಪೆಂಥದು, ನಮ್ಮ ಊರಲ್ಲಿ ಕೊಡದವರು ಯಾರು, ಆದರೆ ತೀರ್ಥರಾಮನ ಮೈಯ ರೋಮಗಳಿಗೆ ಅವನಿಗಿಂತ ಮೊದಲು ತಿಳಿದಿತ್ತು, ನಿಂತಿದ್ದವು. ಕುಂಞಿ ಮೋನುವೇ ಬಾಯಿಬಿಟ್ಟ, ಧಣಿ, ಸೀತಕ್ಕ ತೀರಿಹೋಗಿದ್ದಾರಲ್ಲ, ಆಚೆಯ ಫಾರಮಿನಲ್ಲಿ, ಆ ಎಂಟು ಪುಟದಲ್ಲಿ, ಹೊತ್ತುಕೊಂಡು ಹೊಳೆ ದಾಟಿಸಿದರಲ್ಲ, ನೀವು ಓದುತ್ತಾ ಕಣ್ಣೊರೆಸಿಕೊಂಡದ್ದು, ನಾನೇ ಚಾ ತಂದುಕೊಟ್ಟದ್ದು. ವೆಂಕಪ್ಪ ಹೇಳಿದ, ಇದನ್ನು ಜೋಡಿಸಿದ್ದೂ ನಾನೇ ಅಣ್ಣೇರೆ, ಕೈ ಜೋಡಿಸಿತು, ಮಂಡೆಗೆ ಹೋಗ್ಲಿಲ್ಲ.

ಹೌದಲ್ಲ, ಸತ್ತಿದ್ದಾಳೆ, ಗೋಡೆಯ ಬದಿಯಲ್ಲಿ ಅಚ್ಚಾಗಿ ಮಡಚಿ ಕಲ್ಲು ಹೇರಿಟ್ಟ ಹಾಳೆಗಳ ಕಟ್ಟಿನಲ್ಲಿ ಸತ್ತಿದ್ದಾಳೆ, ಒಂದಲ್ಲ, ಎಷ್ಟು ಪ್ರತಿಯೋ ಅಷ್ಟು ಸಲ ಸತ್ತಿದ್ದಾಳೆ, ಅದನ್ನು ಇನ್ನು ಯಾವ ಬ್ರಹ್ಮ ಬಂದರೂ ಹಿಂದೆ ತರುವ ಹಾಗಿಲ್ಲ, ಹೊಳೆಬಾಗಿಲು ಪ್ರಕಾಶನದಲ್ಲಿ ಇರುವ ಮೊಳೆ ಎಂಟು ಪುಟಕ್ಕೆ, ಎಂಟು ಪುಟ ಜೋಡಿಸುವುದು, ಮುದ್ರಿಸುವುದು, ಮೊಳೆ ಬಿಚ್ಚಿ ಪೆಟ್ಟಿಗೆಯ ಮನೆಮನೆಗೆ ಹಂಚಿ ಮತ್ತೆ ಎಂಟು ಪುಟ, ನಾವು ಮದ್ರಾಸಿನವರಾಗಿದ್ದದ್ದು ಮೈಸೂರಿನವರಾದ ವರ್ಷ ಪುತ್ತೂರಿನಲ್ಲಿ ಈ ಬಾಗಿಲು ತೆರೆದಾಗಿನಿಂದ ಹೀಗೇ, ಬರೆಯುವವರಿಗೂ ಇದೇ ಅಭ್ಯಾಸ, ಇಲ್ಲಿ ಎಂಟು ಪುಟ ಅಚ್ಚಾಗುವ ಹೊತ್ತಿಗೆ ಅಲ್ಲಿ ಮುಂದಿನ ಎಂಟು ಪುಟ ಬರೆದು ಬಸ್ಸಿನಲ್ಲಿ ಕಳಿಸುವುದು, ಮಂಗಳೂರಿನ ಪ್ರಕಾಶಕರು ನಗುತ್ತಾರೆ, ಎಂತ ಮಾರಾಯ್ರೆ, ನಿಮ್ಮದು ಪುಸ್ತಕವೋ ದೋಸೆಯೋ, ಒಂದು ಎತ್ತಿದ ಮೇಲೆ ಇನ್ನೊಂದು ಹೊಯ್ಯುದು. ನಗಲಿ. ತೀರ್ಥರಾಮನಿಗೆ ಇಂದಿಗೂ ಅದು ಸೋಜಿಗವೇ, ಹಿಡಿ ಸೀಸ, ನಿನ್ನೆ ಕಥೆಯಲ್ಲಿ ತೋಡು ತುಂಬಿ ಹರಿಸಿದ ಅದೇ ಮೊಳೆಗಳು ಇವತ್ತು ಮದುವೆಗೆ ಕರೆಯುತ್ತವೆ, ನಾಳೆ ಒಬ್ಬಳನ್ನು ಸಾಯಿಸುತ್ತವೆ, ಅವಕ್ಕೆ ನೆನಪಿಲ್ಲ, ನೆನಪೆಲ್ಲ ಕಾಗದಕ್ಕೆ, ಎಷ್ಟು ವರ್ಷ ನೋಡಿದರೂ ಮೊದಲ ಹಾಳೆ ಟ್ರೆಡಲಿನ ಬಾಯಿಂದ ಹೊರಬರುವಾಗ ಅವನಿಗೆ ಕೈಮುಗಿಯಬೇಕು ಅನಿಸುತ್ತದೆ, ಮುಗಿಯುವುದಿಲ್ಲ, ಕುಂಞಿ ಮೋನು ನಗಾಡಿಯಾನು. ಆದರೆ ಸತ್ತವಳು ಎದ್ದು ಬಂದು ನೀರು ಕೊಟ್ಟದ್ದು — ಇದು ಬೇರೆ ಯಾವ ಪ್ರೆಸ್ಸಿನಲ್ಲೂ ಆಗಲಿಕ್ಕಿಲ್ಲ, ಇಡೀ ಪುಸ್ತಕವನ್ನು ಒಟ್ಟಿಗೆ ಯಾರೂ ಕಾಣದ ಇಂಥ ಪ್ರೆಸ್ಸಿನಲ್ಲಿ ಮಾತ್ರ ಆಗುವಂಥದ್ದು. ನಗುವವರಿಗೆ ಈಗ ಹಬ್ಬ. ಹೊಳೆಬಾಗಿಲಿನವರಿಗೆ ಸತ್ತವರು ಯಾರು ಬದುಕಿದವರು ಯಾರು ಅಂತ ಗೊತ್ತಾಗುದಿಲ್ಲವಂತೆ, ತಪ್ಪು ತಿದ್ದಿದ ಒಂದು ಒಪ್ಪೋಲೆಯನ್ನೂ ಅಂಟಿಸದೆ ಪುಸ್ತಕ ಹೊರತರುತ್ತೇನೆ ಎಂದು ಮೀಸೆ ತಿರುವುತ್ತಿದ್ದೆಯಲ್ಲ ತೀರ್ಥರಾಮ, ತಿರುವು ಈಗ.

ವೆಂಕಪ್ಪ ಮೆಲ್ಲಗೆ ಕೆಮ್ಮಿದ, ಸೀತಕ್ಕ ಎಂಬಲ್ಲಿ ನೆರೆಮನೆಯವಳು ಅಂತ ಹಾಕುವನಾ, ಒಂದು ಹೆಸರು ತೆಗೆದರೆ ಮುಗೀತು, ಮಾಸ್ಟ್ರಿಗೆ ಹೇಳುದೇ ಬೇಡ, ಮತ್ತೆ ಕಂಡರೆ ಪ್ರೆಸ್ಸಿನ ತಪ್ಪು ಅಂತ ನಮ್ಮನ್ನೇ ಬಯ್ಯಲಿ. ಒಳ್ಳೆಯ ಉಪಾಯವೇ, ಬೈಸಿಕೊಂಡು ಅಭ್ಯಾಸವುಂಟು, ತೀರ್ಥರಾಮ ಎದ್ದು ಕಲ್ಲಿನ ಮೇಜಿನ ಹತ್ತಿರ ಹೋದ, ಚಿಮುಟದಲ್ಲಿ ತಾನೇ ಆ ಹೆಸರನ್ನು ಒಂದೊಂದೇ ಮೊಳೆಯಾಗಿ ಎತ್ತಿದ, ಅಂಗೈಗೆ ಬಿದ್ದವು, ತಣ್ಣಗೆ, ಸಾಲಿನಲ್ಲಿ ಈಗ ಹಲ್ಲು ಬಿದ್ದ ಜಾಗದ ಹಾಗೆ ಒಂದು ಸಂದು — ಮತ್ತು ಅವನ ಕೈ ಮುಷ್ಟಿಯಾಯಿತು, ಬಿಡಿಸಲಿಕ್ಕೆ ಮನಸ್ಸು ಬರಲಿಲ್ಲ. ಮಾಸ್ಟ್ರು ಈಗ ಬರುತ್ತಾರೆ, ಸುಳ್ಯದ ಬಸ್ಸಿಗೆ, ಕೊನೆಯ ಫಾರಂ ತಾನೇ ಎದುರು ಕೂತು ಕೇಳಬೇಕೆಂದು ಹೇಳಿಕಳಿಸಿದ್ದಾರೆ, ಅವರಿಗೆ ಹೇಳುವುದಾದರೂ ಹೇಗೆ, ಮಾಸ್ಟ್ರೆ, ಅವಳು ಸತ್ತಿದ್ದಾಳೆ, ನೀವು ಮರೆತಿರಿ — ಮೇದಪ್ಪ ಮಾಸ್ಟ್ರಿಗೆ ಈ ಮಾತು ಹೇಳುವ ನಾಲಿಗೆ ಯಾರಿಗುಂಟು, ಸೀತಕ್ಕನನ್ನು ಹೊಳೆ ದಾಟಿಸಿದ ಎಂಟು ಪುಟ ಇಲ್ಲಿಗೆ ಬಂದದ್ದು ಬೇಸಗೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ ಅವರ ಹೆಂಡತಿ ಪೂವಮ್ಮ ಹೋದರು, ಬರೀ ಜ್ವರ, ಮತ್ತೆ ತಿಂಗಳುಗಟ್ಟಲೆ ಮಾಸ್ಟ್ರ ಊರು ಮರ್ಕಂಜದಿಂದ ಒಂದು ಹಾಳೆಯೂ ಬರಲಿಲ್ಲ, ಪುಸ್ತಕ ನಿಂತಿತು ಎಂದೇ ಎಲ್ಲರೂ ಅಂದುಕೊಂಡರು, ಆಮೇಲೆ ಒಂದು ದಿನ ಬಸ್ಸಿನ ಡ್ರೈವರ್ ಕಟ್ಟು ತಂದು ಕೊಟ್ಟಾಗ ತೀರ್ಥರಾಮ ಬೀದಿಯಲ್ಲೇ ಬಿಚ್ಚಿ ಓದಿದ್ದ. ಮಕ್ಕಳಿಲ್ಲ, ಮರಿಯಿಲ್ಲ, ಆ ಮನುಷ್ಯನಿಗೆ ಈಗ ಉಳಿದದ್ದೆಂದರೆ ಈ ಪುಸ್ತಕ.

ಮುಷ್ಟಿಯೊಳಗೆ ಹೆಸರು ಬೆಚ್ಚಗಾಗುತ್ತಿದೆ, ಅಂಟಂಟು, ಬೆವರೋ ಶಾಯಿಯೋ, ಹೀಗೇ ಅಂಟುತ್ತಿತ್ತು ಬೆಲ್ಲ, ಚಿಕ್ಕಂದಿನಲ್ಲಿ, ಸಂಜೆ ಶಾಲೆ ಬಿಟ್ಟ ಮೇಲೆ ಮಾಸ್ಟ್ರ ಮನೆಗೆ ಓಡುವುದು, ಮರ್ಕಂಜಕ್ಕೆಲ್ಲ ಪುಸ್ತಕದ ಕಪಾಟು ಎಂಬುದಿದ್ದದ್ದು ಅಲ್ಲೊಂದೇ, ಕನ್ನಡಿಯ ಬಾಗಿಲು, ಒಳಗೆ ಬೆನ್ನು ತೋರಿಸಿ ನಿಂತ ಪುಸ್ತಕಗಳು, ಅವನು ಉಸಿರು ಬಿಟ್ಟರೆ ಕನ್ನಡಿ ಮಬ್ಬಾಗುತ್ತಿತ್ತು, ಇಷ್ಟೂ ಬೇರೆ ಬೇರೆ ಕಥೆಯಾ ಮಾಸ್ಟ್ರೆ, ಹೌದಾ, ಒಂದರ ಹಾಗೆ ಇನ್ನೊಂದಿಲ್ವಾ, ಮಾಸ್ಟ್ರು ಬೀಗದ ಕೈ ಹುಡುಕುವ ಮೊದಲೇ ಪೂವಮ್ಮ ಹೊಸ್ತಿಲಿನಲ್ಲಿ, ಚೊಂಬು, ಬೆಲ್ಲ, ಬಿಸಿಲಲ್ಲಿ ಬಂದಿದ್ದಿ, ಮೊದಲು ನೀರು, ಮತ್ತೆ ಪುಸ್ತಕ. ಸಣ್ಣ ತುಂಡು ಕೊಡುವ ಕೈಯೇ ಅಲ್ಲ ಅದು, ಬಾಯಿ ತುಂಬುವಷ್ಟು, ಅದೇ ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಾ ಮನೆಗೆ ಹೋದದ್ದು, ಹಿಂದೆ ತಂದುಕೊಟ್ಟಾಗ ಪುಟದ ಅಂಚನ್ನೆಲ್ಲ ಇರುವೆ ತಿಂದಿತ್ತು, ಅವನು ನಡುಗುತ್ತಾ ನಿಂತಿದ್ದ, ಮಾಸ್ಟ್ರು ಮುಖ ಗಂಟಿಕ್ಕಿದರು, ಪೂವಮ್ಮ ನಕ್ಕುಬಿಟ್ಟರು, ಇರುವೆಗಳೂ ಓದಲಿ ಬಿಡಿ, ಅವಕ್ಕೇನು ಶಾಲೆ ಉಂಟಾ. ಆಟಿ ಕಳೆದು, ಪೂವಮ್ಮನ ಬೊಜ್ಜದ ಕ್ರಿಯೆ ಮುಗಿದು, ಸೂತಕವೆಲ್ಲ ಹೋದ ಮೇಲೆ ತೀರ್ಥರಾಮ ಮಾತಾಡಿಸಿ ಬರಲು ಹೋದ, ಮಳೆ ಬಿಟ್ಟು ಸುಡುವ ಬಿಸಿಲು, ಜಗಲಿ ಹತ್ತಿದ, ಮಾಸ್ಟ್ರು ಎದ್ದು ಬಾ ಎಂದರು, ಹೇಳಿದವರು ಮಾತು ನಿಲ್ಲಿಸಿ ಒಳಬಾಗಿಲಿನ ಕಡೆ ನೋಡಿದರು, ಸುಮ್ಮನೆ, ಅಭ್ಯಾಸ, ಅವನೂ ನೋಡಿದ, ಇಬ್ಬರೂ ಗಂಡಸರು ಆ ಖಾಲಿ ಹೊಸ್ತಿಲನ್ನು ನೋಡುತ್ತಾ ಕೂತರು, ಬಾಯಾರಿಕೆಯಿತ್ತು, ಕೇಳಲಿಲ್ಲ, ಮಾಸ್ಟ್ರಿಗೂ ನೀರು ಎಲ್ಲಿಟ್ಟಿದೆ ಎಂದು ಗೊತ್ತಿರಲಿಲ್ಲವೋ ಏನೋ, ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡರು, ಅವನು ಹಾಗೆಯೇ ಎದ್ದು ಬಂದ. ದಾರಿಯ ತೋಡಿನಲ್ಲಿ ಬಗ್ಗಿ ನೀರು ಕುಡಿಯುವಾಗ ಅಳು ಬಂದಿತ್ತು.

ಪ್ರೆಸ್ಸಿನ ಬಾಗಿಲಿನಲ್ಲಿ ಕೊಡೆ ಮಡಚುವ ಸದ್ದು. ಮಾಸ್ಟ್ರು, ಬಿಳಿ ಅಂಗಿ, ಕತ್ತಿನ ಗುಂಡಿ ಇಲ್ಲ, ಹಾಕಿಕೊಡುವವರು ಯಾರು, ಕುಂಞಿ ಮೋನು ಸ್ಟೂಲು ಒರೆಸಿ ಇಟ್ಟ, ವೆಂಕಪ್ಪ ಅಂಗಡಿಯಿಂದ ಸೋಡ ತರಲಾ ಎಂದ, ಬೇಡ ಮಾರಾಯ, ಓದಿ, ಓದುದನ್ನು ಕೇಳ್ಲಿಕ್ಕೆ ಬಂದದ್ದು. ತೀರ್ಥರಾಮ ಓದಿದ, ಎಡಗೈ ಮುಷ್ಟಿ, ಬಲಗೈಯಲ್ಲಿ ಪ್ರೂಫು, ಊರಿನ ಹೊಸ ಶಾಲೆಗೆ ಹುಡುಗ ಮಾಸ್ಟ್ರೊಬ್ಬ ಬರುತ್ತಾನೆ, ತಂಗಲು ಜಾಗ ಕೇಳಿ ಸೀತಕ್ಕನ ಮನೆಯ ಜಗಲಿ ಹತ್ತುತ್ತಾನೆ, ಬಿಸಿಲು, ಹತ್ತಿರ ಬರುತ್ತಿದೆ ಆ ಸಾಲು, ನೆರೆಮನೆಯವಳು ಎಂದು ಓದಿಬಿಡಲೇ, ಈಗಲೇ ಓದಿದರೆ ಮುಗಿಯಿತು, ನಾಲಿಗೆ ಹೊರಳಲಿಲ್ಲ, ಸೀತಕ್ಕ ಒಳಗಿನಿಂದ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ — ಕಣ್ಣು ಮುಚ್ಚಿ ಕೇಳುತ್ತಿದ್ದ ಮಾಸ್ಟ್ರ ಬಲಗೈ ತೊಡೆಯ ಮೇಲಿಂದ ಎದ್ದಿತು, ಅಂಗೈ ಮೇಲೆ ಮಾಡಿ ಮುಂದಕ್ಕೆ ಬಂತು, ಅಲ್ಲೇ ಗಾಳಿಯಲ್ಲಿ ನಿಂತಿತು, ಅವರಿಗೆ ಗೊತ್ತಿಲ್ಲ, ವೆಂಕಪ್ಪ ನೋಡಿದ, ಕುಂಞಿ ಮೋನು ನೋಡಿ ತಲೆ ತಗ್ಗಿಸಿದ. ಮಾಸ್ಟ್ರೆ, ಎಂದ ತೀರ್ಥರಾಮ, ಈ ಸೀತಕ್ಕ, ಮೊದಲೊಂದು ಫಾರಮಿನಲ್ಲಿ — ಮಾಸ್ಟ್ರು ಕಣ್ಣು ತೆರೆದರು, ಚಾಚಿದ ಕೈಯನ್ನು ಕಂಡು ಮೆಲ್ಲಗೆ ಹಿಂದೆ ತೆಗೆದುಕೊಂಡರು, ಗೊತ್ತುಂಟು ತೀರ್ಥರಾಮ, ಅವಳನ್ನು ಹೊತ್ತು ಹೊಳೆ ದಾಟಿಸಿದ್ದು ನಾನೇ ಅಲ್ವಾ. ಮತ್ತೆ? ಕೇಳಿದ ತೀರ್ಥರಾಮ. ಮತ್ತೆ ಎಂತ, ಆ ಹುಡುಗ ಬಿಸಿಲಲ್ಲಿ ಬಂದ, ಜಗಲಿಯಲ್ಲಿ ಕೂತ, ನಾನು ಬೆಳಗಿನಿಂದ ಪೆನ್ನು ಹಿಡಿದು ಕಾದೆ, ಒಳಗಿಂದ ಯಾರೂ ಬರ್ಲಿಲ್ಲ, ನೆರೆಮನೆಯವಳನ್ನು ಬರೆದು ನೋಡಿದೆ, ಅತ್ತಿಗೆಯನ್ನು ಬರೆದು ನೋಡಿದೆ, ಯಾರೂ ಹೊಸ್ತಿಲು ದಾಟುದಿಲ್ಲ, ಹುಡುಗನಿಗೆ ಬಾಯಾರ್ತಾ ಉಂಟು, ಕಡೆಗೆ ಅವಳೇ ತಂದಳು, ತಂದವಳಿಗೆ ಬೇಡ ಹೋಗು ಹೇಳ್ಲಿಕ್ಕೆ ಆಗ್ತದಾ. ತಪ್ಪು ಅಂತ ಕಂಡರೆ ತೆಗಿ, ಜನ ನಗುದು ನಿನ್ನ ಪ್ರಕಾಶನವನ್ನು, ನಾನು ಎಂತದೂ ಹೇಳುದಿಲ್ಲ.

ಜನ ನಗುತ್ತಾರೆ, ನಗದೆ ಇರುತ್ತಾರಾ, ಮಂಗಳೂರಿನವರು ವರ್ಷವಿಡೀ ನಗುತ್ತಾರೆ, ಹೊಳೆಬಾಗಿಲಿನ ಹೆಸರು ಹೋಗುತ್ತದೆ, ಹೋಗಲಿ ಮಾರಾಯ, ಇರುವೆಗಳೂ ಓದಲಿ, ಅವನಿಗೆ ಹೆದರಿಕೆಯಾಗಲಿಲ್ಲ, ಮೊದಲ ಸಲ ಆ ಕನ್ನಡಿಯ ಬಾಗಿಲು ತೆರೆದಾಗ ಆದದ್ದೇ ಆಯಿತು, ಇಷ್ಟು ದೊಡ್ಡದರ ಎದುರು ತಾನು ಇಷ್ಟು ಸಣ್ಣವನಾಗಿ ನಿಲ್ಲುವುದರ ಸುಖ, ಮುಷ್ಟಿ ತಾನಾಗಿ ಬಿಚ್ಚಿತು, ಅಂಗೈಯಲ್ಲಿ ಹೆಸರಿನ ಮೊಳೆಗಳು ಒತ್ತಿ ಕೆಂಪಾದ ಗುರುತು, ವೆಂಕಪ್ಪ, ಇದನ್ನು ಇದ್ದಲ್ಲೇ ಕೂರಿಸು. ವೆಂಕಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ. ಮಾಸ್ಟ್ರು ಎದ್ದು ಮೇಜಿನ ಹತ್ತಿರ ಬಂದು ಬಗ್ಗಿದರು, ಒಂದು ಕೇಳ್ತೇನೆ, ದೊಡ್ಡ ತುಂಡು ಬೆಲ್ಲ ಅಂತ ಸೇರಿಸ್ಲಿಕ್ಕೆ ಜಾಗ ಉಂಟಾ, ಅವಳು ಸಣ್ಣ ತುಂಡು ಕೊಡುವವಳಲ್ಲ. ಮಾಡುವ ಮಾಸ್ಟ್ರೆ, ಎಂದ ವೆಂಕಪ್ಪ, ಬೇರೆ ಶಬ್ದಗಳು ಚೂರು ಒತ್ತಿ ಕೂತುಕೊಳ್ಳಲಿ. ಚೌಕಟ್ಟು ಬಿಗಿಯಾಯಿತು, ಕುಂಞಿ ಮೋನು ಮದುವೆ ಕಾಗದವನ್ನು ಬದಿಗಿಟ್ಟ, ಶಾಯಿ ಹಚ್ಚಿದ, ಕಾಲಿಟ್ಟ, ಕಟಕ್ ದಡಕ್, ಮೊದಲ ಹಾಳೆ ಹೊರಬಂತು, ಈ ಸಲ ತೀರ್ಥರಾಮ ಕೈಮುಗಿದ, ಯಾರೂ ನಗಲಿಲ್ಲ, ಒದ್ದೆ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರೆ ಸಾಲು ಕಾಣುತ್ತಿಲ್ಲ, ಅಕ್ಷರ ಕಾಣುತ್ತಿಲ್ಲ, ಸುಡುವ ಬಿಸಿಲು, ಮರ್ಕಂಜದ ಜಗಲಿ, ಒಳಬಾಗಿಲಿನ ಹೊಸ್ತಿಲು, ಹೊಸ್ತಿಲಿನ ಈಚೆಗೆ ಈಗಷ್ಟೇ ಇಟ್ಟ ಚೊಂಬು, ನೀರು ಇನ್ನೂ ಅಲುಗುತ್ತಿದೆ, ಪಕ್ಕದಲ್ಲಿ ಬೆಲ್ಲ, ದೊಡ್ಡ ತುಂಡು.