ಖಾಲಿ ಕಣ

ಸಿಮೆಂಟಿನ ಮೇಲೆ ಕಾಲೆಳೆಯುವ ಸದ್ದು, ಸರ್ರ್, ಸರ್ರ್ — ಇವರು ಎದ್ದಾಯಿತು, ನೆತ್ತಿ ಸುಡುವ ಬಿಸಿಲಿಗೆ ಕಾಫಿ ಕಣಕ್ಕೂ ಇಳಿದಾಯಿತು, ಇಳಿಯಲಿ, ಎಂದುಕೊಂಡು ರಾಜಲಕ್ಷ್ಮಮ್ಮ ನಡುಮನೆಯಲ್ಲೇ ಕೂತು ಗಂಡನ ಶರ್ಟುಗಳನ್ನು ಚೀಲಕ್ಕೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಹಾಸನದಿಂದ ಗಾಡಿ ಹೊರಟಿದೆಯಂತೆ, ಬೆಳಗೋಡು ದಾಟಿರಬೇಕು ಇಷ್ಟು ಹೊತ್ತಿಗೆ, ಮರೆವಿನವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯ ಗಾಡಿಯಂತೆ, ಅಮ್ಮ ನಿನ್ ಕೈಲಿ ಇನ್ನಾಗಲ್ಲ, ಅಪ್ಪಂಗೆ ನೀನ್ಯಾರು ಅಂತ್ಲೂ ಗೊತ್ತಿಲ್ಲ ಈಗ, ಅಂದಳು ಧನುಶ್ರೀ ಬೆಳಿಗ್ಗೆ, ತೋಟ ನಡೆಸುವ ಮಗಳು, ಅವಳು ಅಂದ ಮೇಲೆ ಮುಗಿಯಿತು. ಗೊತ್ತಿಲ್ಲವೇ, ಗೊತ್ತಿಲ್ಲದವರು ಬಿಸಿಲು ಬಿದ್ದ ತಕ್ಷಣ ಕಣಕ್ಕಿಳಿದು ಒಣಹಾಕಿದ ಕಾಫಿಯೊಳಗೆ ಕಾಲೆಳೆದು ಸಾಲು ತೆಗೆಯುತ್ತಾರೆಯೇ, ಅಡಿಯ ಹಣ್ಣು ಮೇಲೆ ಬರುವ ಹಾಗೆ, ಕುಯ್ಲು ಶುರುವಾದಾಗಿನಿಂದ ದಿನವೂ, ಯಾರೂ ಹೇಳದೆ — ಸಾಲು ನೆಟ್ಟಗಿರಬೇಕು ಕಣೇ, ಅನ್ನುತ್ತಿದ್ದರು ಇವರೇ, ಸಕಲೇಶಪುರದ ಕಾಲೇಜಿನಲ್ಲಿ ಗ್ರೀಕರ ತತ್ವಶಾಸ್ತ್ರ ಹೇಳುತ್ತಿದ್ದ ಏಕಾಂತಯ್ಯ ಮೇಷ್ಟ್ರು, ಮದುವೆಯ ಹೊಸತರಲ್ಲಿ ಹೆಂಡತಿಗೂ ಪಾಠ, ಇದೇ ಕಣದಲ್ಲಿ, ನೋಡೇ ಲಕ್ಷ್ಮಿ, ಬೆಳೆಯೋದು ಈ ಕಾಫಿ ಗಿಡಕ್ಕೂ ಐತೆ, ನೋಡೋದು ಕೇಳೋದು ನಮ್ ನಾಯಿಗೂ ಐತೆ, ಯೋಚ್ನೆ ಮಾಡೋದು ಮನುಷ್ಯಂಗೆ ಮಾತ್ರ ಐತೆ, ಅದನ್ನ ಚೆನ್ನಾಗಿ ಮಾಡ್ಕೊಂಡು ಇರೋದೇ ಒಳ್ಳೇ ಬಾಳು ಅಂತಿದ್ರು ಗ್ರೀಸಿನೋರು. ಅಲ್ಲಿ ಅಡಿಗೆ ಯಾರು ಮಾಡ್ತಿದ್ರಂತೆ, ಅಂದಿದ್ದಳು ಅವಳು, ಇವರು ನಕ್ಕು ನಕ್ಕು ಕಾಫಿಯ ಮೇಲೇ ಕೂತುಬಿಟ್ಟಿದ್ದರು, ಆ ನಗು ಹೋದದ್ದು ಯಾವತ್ತು, ಮೊದಲು ಹೋದದ್ದು ಗ್ರೀಕರ ಹೆಸರು, ಆಮೇಲೆ ಮಗಳ ಹೆಸರು, ಆಮೇಲೆ ಬಚ್ಚಲು ಎಲ್ಲಿದೆ ಎನ್ನುವುದು, ಮನುಷ್ಯನಿಂದ ನಾಯಿಗೆ, ನಾಯಿಯಿಂದ ಗಿಡಕ್ಕೆ, ಒಂದೊಂದೇ ಮೆಟ್ಟಿಲು, ಹಾಳಾಗಿ ಹೋಗಲಿ ಆ ಗ್ರೀಕರು, ಮೆಟ್ಟಿಲು ಕಟ್ಟುವಾಗ ಜಾರಿದವನ ಹೆಂಡತಿಗೆ ಏನು ಹೇಳುವುದೆಂದು ಅವರಿಗೆ ಹೊಳೆಯಲಿಲ್ಲವೇ. ನಾಯಿಯಾದರೂ ಅವಳನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಆದರೆ ಕಣ ಒಂದಿದೆಯಲ್ಲ, ಅದನ್ನೇ ಧನುಶ್ರೀಗೆ ಹೇಳುತ್ತೇನೆ, ಬಿಸಿಲು ನೋಡಿ ಕಾಫಿ ತಿರುವೋರಿಗೆ ಬುದ್ಧಿ ಇಲ್ಲ ಅಂತೀಯಾ, ಗಾಡಿ ವಾಪಸ್ ಕಳ್ಸು, ಹೇಳಿಬಿಡುತ್ತೇನೆ, ಎಂದು ಚೀಲ ಬಿಟ್ಟು ಎದ್ದಳು.

ಸದ್ದು ಬೇರೆ. ಕಾಫಿ ಇದ್ದರೆ ಗಲಗಲ ಅನ್ನಬೇಕು, ಇದು ಬರೀ ಸರ್ರ್, ಸರ್ರ್ — ನಿನ್ನೆ ಸಂಜೆಯೇ ಧನುಶ್ರೀ ಮೂಟೆ ಕಟ್ಟಿಸಿ ಸ್ಟೋರಿಗೆ ಹಾಕಿಸಿದಳಲ್ಲ, ಚೀಲದ ಬಾಯಿ ಹಿಡಿದವಳು ನಾನೇ, ಮರೆತೆ, ಮರೆವು ಇವರಿಗೋ ನನಗೋ. ಬಾಗಿಲಿಗೆ ಬಂದರೆ ಒಂದು ಕಾಳೂ ಇಲ್ಲ, ಕಾದ ಸಿಮೆಂಟು, ಅದರ ಮೇಲೆ ಬರಿಗಾಲು, ಆ ತುದಿಯಿಂದ ಈ ತುದಿಗೆ, ತಿರುಗಿ ಮತ್ತೆ, ಏನೂಂದ್ರೆ, ಕಾಫಿ ಇಲ್ಲ ಕಣ್ರೀ, ಬನ್ನಿ ಮೇಲೆ. ಅವರು ಅವಳನ್ನು ಕಂಬ ದಾಟುವ ಹಾಗೆ ದಾಟಿ ಹೋದರು. ಹಾಗಾದರೆ ಇಷ್ಟು ದಿನವೂ ಬರೀ ಕಾಲೇ, ಕಾಲಷ್ಟೇ, ಮೇಲೆ ಯಾರೂ ಇರಲಿಲ್ಲ, ನಾನು ಕಾಲನ್ನು ಗಂಡ ಅಂದುಕೊಂಡಿದ್ದೆ. ಗೇಟಿನಲ್ಲಿ ಹಾರ್ನ್, ಅಮ್ಮ ಚೀಲ ಕೊಡು, ಅಮ್ಮ, ಕೊಡಬೇಕು, ಕೊಟ್ಟೆ, ಇವರು ತಿರುಗಿ ಬರುತ್ತಿದ್ದಾರೆ, ಹಿಂದೆ ಸಿಮೆಂಟಿನ ಮೇಲೆ ಒದ್ದೆ ಗೆರೆ, ಕೆಂಪಗೆ, ಗುಳ್ಳೆ ಒಡೆದ ಅಂಗಾಲಿನದು, ಸಾಲು ನೆಟ್ಟಗಿರಬೇಕು ಕಣೇ, ನೆಟ್ಟಗಿದೆ, ಎಷ್ಟು ನೆಟ್ಟಗಿದೆ, ನೆಟ್ಟಗೆ